ಕೊಸರು ತೆಗೆಯಕೂಡದು

ಬೆಳಿಗ್ಗೆಯಿಂದ ಮನೆಯೆಲ್ಲ ಧನಿಯದ ಘಮಲು. ಸಾರಿನ ಪುಡಿ ಮಾಡಬೇಕೆಂದು ಸೊಸೆ ಒಲೆಯ ಮುಂದೆ ಕುಳಿತು ಕೊತ್ತಂಬರಿ ಬೀಜ ಹುರಿಯುತ್ತಿದ್ದಾಳೆ. ಕಾರ್ಡು ಹಿಡಿದು ಸಾಲಿನಲ್ಲಿ ನಿಂತು ರಾಗಿ ತರುವ ಈ ಕಾಲದಲ್ಲಿ ಒಂದು ಮನೆಯಲ್ಲಿ ಧನಿಯ ಹುರಿದರೆ ಬೀದಿಯ ನಾಲ್ಕು ಮನೆಯವರು ಮೂಗು ಅರಳಿಸುತ್ತಾರೆ. ಎದುರು ಮನೆಯ ಮುದುಕ ಆಗಲೇ ಜಗಲಿಯವರೆಗೆ ಬಂದು, "ಏನಯ್ಯಾ, ಹಬ್ಬ ಜೋರಾ?" ಎಂದು ಕೇಳಿ ಹೋದ. ಈ ವಾಸನೆಗೆ ಎಲ್ಲರಿಗೂ ಹಸಿವಾಗುತ್ತದೆ. ನನಗೆ ಕಿವಿ ಬಿಸಿಯಾಗುತ್ತದೆ. ಇಪ್ಪತ್ತು ವರ್ಷದ ಮೇಲಾಯಿತು, ಇವತ್ತಿಗೂ ಹಾಗೇ. ಯಾರೋ ನನ್ನ ಬೆನ್ನ ಹಿಂದೆ ನಿಂತು ನನ್ನ ವಿಷಯವೇ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಎದ್ದು ಹೊರಗೆ ಬಂದು ಕುಳಿತುಬಿಡುತ್ತೇನೆ. ನೀವೂ ಹೀಗೆ ಬನ್ನಿ, ಈ ಕಲ್ಲಿನ ಮೇಲೆ ಕುಳಿತುಕೊಳ್ಳಿ. ಬಿಸಿಲು ಇನ್ನೂ ಇತ್ತ ತಿರುಗಿಲ್ಲ.

ನಾನು ಕಲ್ಲು ಕೆಲಸದವನು. ಮಧುಗಿರಿಯಲ್ಲಿ ಹುಟ್ಟಿದವನಿಗೆ ಕಲ್ಲು ಎಲ್ಲಿದೆ ಎಂದು ಹುಡುಕುವ ಕಷ್ಟವಿಲ್ಲ. ಬಾಗಿಲು ತೆಗೆದರೆ ಬೆಟ್ಟ, ಕಿಟಕಿ ತೆಗೆದರೂ ಅದೇ ಬೆಟ್ಟ. ಅಪ್ಪನೂ ಅದೇ ಕೆಲಸ ಮಾಡುತ್ತಿದ್ದ. ನನ್ನನ್ನು ಎರಡು ವರ್ಷ ಶಾಲೆಗೆ ಕಳಿಸಿದ. ಮೂರನೆಯ ವರ್ಷ ಮೇಷ್ಟರು ಕೈಗೆ ಹೊಸ ಬಳಪ ಕೊಟ್ಟ ದಿನವೇ ಅಪ್ಪ ಉಳಿ ಕೊಟ್ಟ. ಎರಡರಲ್ಲಿ ಉಳಿ ಭಾರವಾಗಿತ್ತು, ಅದನ್ನೇ ಹಿಡಿದುಕೊಂಡೆ. ಶಾಲೆ ಬಿಟ್ಟದ್ದಕ್ಕೆ ಆಗ ನನಗೆ ಅಳು ಬರಲಿಲ್ಲ, ಸುಳ್ಳು ಏಕೆ ಹೇಳಲಿ. ಹೊಟ್ಟೆ ತುಂಬ ತಿಂದು ಬೆವರು ಸುರಿಸಿ ಕೆಲಸ ಮಾಡುವುದು ನನಗೆ ಹಿತವಾಗಿತ್ತು. ಇಪ್ಪತ್ತು ತುಂಬುವಷ್ಟರಲ್ಲಿ ಕೊರಟಗೆರೆಯಿಂದ ಮಿಡಿಗೇಶಿಯವರೆಗೆ ಹೊಸ್ತಿಲು, ಒರಳು, ಮೈಲಿಕಲ್ಲು ಏನು ಬೇಕಿದ್ದರೂ ಜನ ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ನನ್ನಿಂದ ಒಂದು ಚಪ್ಪಡಿ ಹಾಕಿಸಿದರೆ ನೀರು ಹೊಯ್ದು ನೋಡಬೇಕಿರಲಿಲ್ಲ. ಅಷ್ಟು ಸಮ.

ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದು ಬರೆಯಲು ಹೊರಟೆ, ಆಮೇಲೆ ಯೋಚಿಸಿದೆ: ಜಂಬಕ್ಕೇ ಹೇಳುತ್ತಿದ್ದೇನೆ. ಆ ಜಂಬ ಇಲ್ಲದಿದ್ದರೆ ನಿಮಗೆ ಹೇಳುವಂಥದ್ದೇನೂ ನಡೆಯುತ್ತಲೇ ಇರಲಿಲ್ಲ.

ಮೈಲಿಕಲ್ಲಿನ ಮೇಲೆ ಅಂಕಿ ಕೆತ್ತುವ ಕೆಲಸ ಮೊದಲು ಬಂತು. ಆಮೇಲೆ ಅಕ್ಷರ. ಬಾವಿ ಕಟ್ಟಿಸಿದವರ ಹೆಸರು, ಮಂಟಪ ಕಟ್ಟಿಸಿದವರ ಹೆಸರು. ಬರೆಯಬಲ್ಲವರು ಯಾರಾದರೂ ಬಂದು ಕಲ್ಲಿನ ಮೇಲೆ ಕಾವಿ ನೀರಿನಲ್ಲಿ ಬರೆದು ಹೋಗುತ್ತಿದ್ದರು. ಅವರು ಬರೆದ ಗೆರೆ ಒಣಗುವವರೆಗೆ ಕಾದು ನಾನು ಉಳಿ ಇಡುತ್ತಿದ್ದೆ. ಓದು ಬರದವನು ಅಕ್ಷರ ಹೇಗೆ ಕೆತ್ತಿದ ಎನ್ನುತ್ತೀರಾ? ಬಳ್ಳಿ ಕೆತ್ತುವವನು ಬಳ್ಳಿಯ ಹೆಸರು ತಿಳಿದಿರಬೇಕೇ? ಎರಡು ವರ್ಷದ ಶಾಲೆಯಿಂದ ಒಂದೊಂದು ಅಕ್ಷರದ ಗುರುತು ಸಿಗುತ್ತಿತ್ತು, ಊರಿನಲ್ಲಿ ಮುಖ ನೋಡಿದ ನೆನಪಿರುವ ಜನರ ಹಾಗೆ. ಐದಾರು ಅಕ್ಷರ ಸಾಲಾಗಿ ನಿಂತರೆ ಮಾತ್ರ ಕಣ್ಣು ಕತ್ತಲೆ. ಅದೂ ಅಲ್ಲದೆ ಕೆತ್ತುವಾಗ ನಾನು ಕಲ್ಲಿನ ತಲೆಯ ಕಡೆ ಕುಳಿತಿರುತ್ತಿದ್ದೆ. ಅಕ್ಷರಗಳೆಲ್ಲ ತಲೆಕೆಳಗಾಗಿ ಕಾಣುತ್ತಿದ್ದವು. ಒಂದು ಕೊಂಬು ಸೊಟ್ಟಗಾಗದ ಹಾಗೆ, ಒಂದು ಸುಳಿ ಮುರಿಯದ ಹಾಗೆ ನೋಡಿಕೊಂಡರೆ ನನ್ನ ಕೆಲಸ ಮುಗಿಯಿತು.

ಆದರೆ ಓದಲು ಬರುವುದಿಲ್ಲ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಅಷ್ಟು ಚೆನ್ನಾಗಿ ಕೆತ್ತುವವನಿಗೆ ಓದು ಬರುವುದಿಲ್ಲ ಎಂದು ಯಾರಿಗೆ ತಾನೇ ಹೊಳೆಯುತ್ತದೆ? ಮನೆಗೆ ಕಾಗದ ಬಂದರೆ ಜೇಬಿನಲ್ಲಿಟ್ಟುಕೊಂಡು, "ಕಣ್ಣು ನೋಯ್ತಾ ಐತೆ, ಆಮೇಲೆ ನೋಡ್ತೀನಿ" ಎಂದು ಹೊರಟುಹೋಗುತ್ತಿದ್ದೆ. ಮೂರು ದಿನದ ಮೇಲೆ ಸಿರಾದಲ್ಲೋ ಕೊರಟಗೆರೆಯಲ್ಲೋ ನನ್ನ ಪರಿಚಯವಿಲ್ಲದ ಯಾರಿಂದಲಾದರೂ ಓದಿಸಿಕೊಂಡು ಬಂದು, ಈಗ ತಾನೇ ಓದಿದವನಂತೆ ಸಮಾಚಾರ ಹೇಳುತ್ತಿದ್ದೆ. ನನ್ನ ಹೆಂಡತಿ ಹನುಮಕ್ಕನೂ ಅದನ್ನು ನಂಬಿದ್ದಳು. ನಂಬಿದ್ದಳು ಎಂದು ನಾನು ನಂಬಿದ್ದೆ.

ಹನುಮಕ್ಕ ಮಿಡಿಗೇಶಿಯವಳು. ಅವಳ ವಿಷಯ ಹೇಳಬೇಕಾದರೆ ಕೊಸರಿನಿಂದಲೇ ಶುರು ಮಾಡಬೇಕು. ಈಗಿನವರಿಗೆ ಕೊಸರು ಎಂದರೆ ಬೇಡಿ ಇಸಿದುಕೊಳ್ಳುವುದು ಎನ್ನುವ ಹಾಗಾಗಿದೆ. ನಮ್ಮ ಸಂತೆಗಳಲ್ಲಿ ಹಾಗಿರಲಿಲ್ಲ. ಮಾರುವವನು ಸೇರಿನಲ್ಲೋ ಪಾವಿನಲ್ಲೋ ಅಳೆದು ಸೆರಗಿಗೆ ಸುರಿಯುತ್ತಾನೆ. ಅದು ಅವನ ಅಳತೆ. ಆಮೇಲೆ ಕೊಳ್ಳುವ ಹೆಂಗಸು ಕೈ ಚಾಚಿ ರಾಶಿಯಿಂದ ಒಂದು ಹಿಡಿ ತೆಗೆದುಕೊಳ್ಳುತ್ತಾಳೆ. ಅದು ಅವಳ ಅಳತೆ. ಎರಡೂ ಆದರೆ ವ್ಯಾಪಾರ ಮುಗಿದಂತೆ. ಮಾರುವವನು ಗೊಣಗಬೇಕು, ಕೊಳ್ಳುವವಳು ಒಂದು ಮಾತು ಎಸೆಯಬೇಕು, ಅದೂ ಪದ್ಧತಿಯೇ. ಕೊಸರು ತೆಗೆಯದೆ ಎದ್ದು ಹೋದರೆ ಮಾರುವವನಿಗೇ ಅವಮಾನ. ಸರಕು ಹಿಡಿಸಲಿಲ್ಲವೇನೋ ಎಂದು ಅವನ ಮುಖ ಸಣ್ಣದಾಗುತ್ತಿತ್ತು.

ಹನುಮಕ್ಕನ ಕೈ ದೊಡ್ಡದು. ಹುಡುಗಿಯಾಗಿದ್ದಾಗಿನಿಂದ ಬೀಸುವ ಕಲ್ಲು ತಿರುಗಿಸಿದ ಕೈ, ಬೆರಳು ಉದ್ದ. ಸಂತೆಗೆ ಸಿರಾದಿಂದ ಬಾಷಾ ಸಾಬರು ಎಂಬುವರು ಧನಿಯ, ಮೆಣಸಿನಕಾಯಿ, ಜೀರಿಗೆ ತರುತ್ತಿದ್ದರು. ಅವಳು ಬರುವುದು ಕಂಡರೆ ಸಾಬರು ರಾಶಿಯ ಮೇಲೆ ಗೋಣಿ ಎಳೆದು ಮುಚ್ಚುವಂತೆ ಮಾಡುತ್ತಿದ್ದರು.

"ಬಂತಪ್ಪಾ ಮಿಡಿಗೇಶಿ ಮೊರ. ಯಾ ಅಲ್ಲಾ, ಇವತ್ತು ಮನೇಗೆ ಖಾಲಿ ಗೋಣಿ ಹೊತ್ಕಂಡ್ ಹೋಗ್ಬೇಕು."

"ಮುಚ್ಕಬ್ಯಾಡಿ ಸಾಬ್ರೇ, ಗಾಳಿ ಆಡ್ದೆ ಹುಳ ಬಿದ್ದಾತು."

"ನಿನ್ ಕೈಗೆ ಸಿಕ್ಕೋಕಿಂತ ಹುಳ ತಿನ್ಲಿ ಬುಡಮ್ಮ. ಹುಳದ ಹೊಟ್ಟೆ ಸಣ್ಣದು."

ಹೀಗೆಂದು ಸಾಬರು ತಾವೇ ಗೋಣಿ ಸರಿಸುತ್ತಿದ್ದರು. ಅವಳು ಹಿಡಿ ತುಂಬ ಎತ್ತಿ, ಮೇಲಿನ ನಾಲ್ಕು ಕಾಳನ್ನು ಉದುರಿಸಿ, "ಇದು ನಿಮ್ ಹುಳಕ್ಕೆ" ಎನ್ನುತ್ತಿದ್ದಳು. ಪಕ್ಕದಲ್ಲಿ ಮೆಣಸಿನಕಾಯಿ ರಾಶಿ ಹಾಕಿಕೊಂಡ ಪಾವಗಡದ ಕಡೆಯ ಮುದುಕಿ ತನ್ನ ರಾಶಿಗೂ ಕೈ ಬರುವ ಮೊದಲೇ "ಚಾಲಮ್ಮಾ, ಚಾಲು" ಎಂದು ತನ್ನ ತೆಲುಗಿನಲ್ಲಿ ಸಾಕು ಸಾಕೆಂದು ಕೂಗುತ್ತಿದ್ದಳು. ಎಲ್ಲ ನಗುತ್ತಿದ್ದರು. ನಾನು ದೂರ ನಿಂತು ಬೀಡಿ ಸೇದುತ್ತ ಇದನ್ನೆಲ್ಲ ನೋಡುತ್ತಿದ್ದೆ. ಸಂತೆಯಲ್ಲಿ ಅವಳಿಗೊಂದು ಹೆಸರಿತ್ತು, ನನಗೆ ಕಲ್ಲಿನಲ್ಲಿದ್ದ ಹಾಗೆ.

ಆಗ ನಮ್ಮ ಕೇರಿಯ ತಿರುವಿನಲ್ಲಿ ಪಾಳುಬಿದ್ದ ಜಾಗದಲ್ಲಿ ನಾಲ್ಕಾರು ವರ್ತಕರು ಕೂಡಿ ಒಂದು ಮಾರ್ಕೆಟ್ಟು ಕಟ್ಟಿಸಿದರು. ವಾರಕ್ಕೊಂದು ಸಂತೆಗೆ ಕಾಯಬೇಕಿಲ್ಲ, ದಿನಾ ಬೇಳೆ ಬೆಲ್ಲ ಉಪ್ಪು ಎಲ್ಲ ಒಂದೇ ಕಡೆ ಸಿಗುತ್ತದೆ ಎಂದು ಊರೆಲ್ಲ ಮಾತು. ಎರಡು ಸಾಲು ಮಳಿಗೆ, ಮೇಲೆ ಮಂಗಳೂರು ಹೆಂಚು, ನಡುವೆ ನಡೆದಾಡಲು ಚಪ್ಪಡಿ ಹಾಸು. ಆ ಹಾಸು ನನ್ನದು. ನಾಲ್ಕು ತಿಂಗಳು ಹಗಲೆಲ್ಲ ಅದರ ಮೇಲೆ ಮಂಡಿಯೂರಿದ್ದೆ. ಕೊನೆಗೆ ಬಾಗಿಲಿನ ಬಳಿ ನೆಡಲು ಆಳೆತ್ತರದ ಒಂದು ಕಲ್ಲನ್ನು ನುಣುಪು ಮಾಡಿಸಿದರು. ವರ್ತಕರ ಗುಮಾಸ್ತರು ಬಂದು ಅದರ ಮೇಲೆ ಕಾವಿಯಲ್ಲಿ ಬರೆದರು. ಮೇಲೆ ದೊಡ್ಡದಾಗಿ ಒಂದು ಶ್ರೀ, ಅದು ನನಗೆ ಗೊತ್ತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು.

"ಓದಕ್ಕೆ ಬರುತ್ತೇನಯ್ಯ? ತಪ್ಪು ಕೆತ್ತಿಬಿಟ್ಟೀಯ, ಹೇಳು, ಒಂದು ಸಲ ಓದಿ ಹೇಳ್ತೀನಿ" ಎಂದರು ಗುಮಾಸ್ತರು.

"ಬರ್ದೇ ಏನು ಸ್ವಾಮಿ, ಬರುತ್ತೆ" ಎಂದೆ.

ನೋಡಿ, ಇಲ್ಲಿ. ಇಷ್ಟೇ ಮಾತು. ಅವರು ಕೊಡೆ ಬಿಚ್ಚಿಕೊಂಡು ಹೊರಟುಹೋದರು.

ಹತ್ತು ದಿನ ಆ ಕಲ್ಲಿನ ತಲೆಯ ಕಡೆ ಕುಳಿತು ಕೆತ್ತಿದೆ. ನನ್ನ ಕೈಯಿಂದ ಅಷ್ಟು ಚೆಂದದ ಅಕ್ಷರ ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೆಯೂ ಬರಲಿಲ್ಲ. ಸಂಜೆ ಮನೆಗೆ ಬಂದರೆ ಹನುಮಕ್ಕ ಬಿಸಿನೀರು ಕೊಡುತ್ತ, "ಏನ್ ಬರೀತಿದ್ದೀಯ ಅಷ್ಟೊಂದು ದಿನದಿಂದ?" ಎಂದು ಕೇಳುತ್ತಿದ್ದಳು. "ನೀನೇ ಬಂದು ನೋಡು, ಬಾಗ್ಲು ತೆಗೀಲಿ" ಎನ್ನುತ್ತಿದ್ದೆ. ಓದಲು ಬಾರದವಳಿಗೆ ಬಂದು ನೋಡು ಎಂದು ಹೇಳುವ ಓದಲು ಬಾರದವನು. ಈಗ ನೆನೆದರೆ ನಗು ಬರಬೇಕು.

ಮಾರ್ಕೆಟ್ಟು ತೆರೆದ ಮೂರನೆಯ ದಿನ ಅವಳನ್ನು ಕರೆದುಕೊಂಡು ಹೋದೆ. ಮದುವೆಯಾಗಿ ಆರು ವರ್ಷವಾಗಿತ್ತು. ಸಂತೆಗೆ ಅವಳ ದಾರಿ ಅವಳದು, ನನ್ನ ದಾರಿ ನನ್ನದು; ನಾವಿಬ್ಬರೂ ಸಾಮಾನು ತರಲು ಜೊತೆಯಲ್ಲಿ ಹೊರಟದ್ದು ಅದೇ ಮೊದಲು. ನಾನು ಮಡಿ ಪಂಚೆ ಉಟ್ಟು, ಸಿರಾದಲ್ಲಿ ಹೊಲಿಸಿದ ಕೋಟು ಹಾಕಿದ್ದೆ. ಅವಳು ಮೈಸೂರಿಗೆ ಹೊರಟವಳ ಹಾಗೆ ತಲೆಗೆ ಎಣ್ಣೆ ಹಚ್ಚಿ ಬಾಚಿ, ಹಸಿರು ಸೀರೆ ಉಟ್ಟು, ಕಂಕುಳಲ್ಲಿ ಬುಟ್ಟಿ ಇಟ್ಟುಕೊಂಡಿದ್ದಳು. ಬಾಗಿಲಲ್ಲೇ ಅವಳನ್ನು ನಿಲ್ಲಿಸಿ ಕಲ್ಲು ತೋರಿಸಿದೆ.

ಅವಳು ಅದರ ಮುಂದೆ ಸ್ವಲ್ಪ ಹೊತ್ತು ನಿಂತಳು. "ಇದೆಲ್ಲ ನೀನೇ?"

"ಇನ್ಯಾರು?"

"ಏನಂತ ಐತೆ ಇದ್ರಾಗೆ?"

ಸುತ್ತ ಜನ ಓಡಾಡುತ್ತಿದ್ದರು. ಗೊತ್ತಿಲ್ಲ ಎನ್ನಲು ಎರಡು ಉಸಿರು ಸಾಕಿತ್ತು. ಕಲ್ಲಿನ ಮೇಲೆ ಶ್ರೀ ಇತ್ತಲ್ಲ, ಅದನ್ನೇ ಹಿಡಿದುಕೊಂಡು ಹೇಳಿದೆ: "ಸಿದ್ದರಬೆಟ್ಟದ ಸ್ವಾಮಿ ಹೆಸ್ರು. ಕೆಳಗೆ ಸ್ವಾಮಿ ಮೇಲಿನ ಸ್ತೋತ್ರ. ಬಂದೋರಿಗೆಲ್ಲ ಒಳ್ಳೇದಾಗ್ಲಿ ಅಂತ."

ಅವಳು ಬುಟ್ಟಿ ಕೆಳಗಿಟ್ಟು, ಸೆರಗು ಹೊದ್ದು, ಆ ನಾಲ್ಕು ಸಾಲನ್ನೂ ಒಂದೊಂದಾಗಿ ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಒಳಗೆ ಹೋದೆವು. ನಾನು ಅವಳಿಗೆ ಸಾಮಾನಿಗಿಂತ ನೆಲವನ್ನೇ ಹೆಚ್ಚು ತೋರಿಸಿದೆ. ಇಲ್ಲಿ ನೋಡು ಸಂದಿ, ಕೂದಲು ಹೋಗಲ್ಲ. ಇಲ್ಲಿ ನೋಡು ಇಳಿಜಾರು, ನೀರು ನಿಲ್ಲಲ್ಲ.

"ನೋಡ್ದೆ ಕಣಪ್ಪ" ಎಂದಳು. "ನಮ್ ಮನೆ ಹೊಸ್ಲು ಸೀಳಿ ಎರಡು ವರ್ಸ ಆತು. ಅದ್ರಾಗೆ ಕೂದ್ಲೇನು, ಹೆಗ್ಗಣ ಹೋಯ್ತದೆ."

ಬೆಲ್ಲ ಕೊಂಡಳು, ಉಪ್ಪು ಕೊಂಡಳು. ಉಪ್ಪು ಬೆಲ್ಲಕ್ಕೆ ಕೊಸರಿನ ಪದ್ಧತಿ ಇರಲಿಲ್ಲ, ಹಾಗಾಗಿ ಏನೂ ಆಗಲಿಲ್ಲ. ಕೊನೆಯ ಮಳಿಗೆಯಲ್ಲಿ ಧನಿಯ. ತುಮಕೂರಿನ ಕಡೆಯಿಂದ ಬಂದಿದ್ದ ಅಂಗಡಿಯವನು, ಮೂವತ್ತರ ಒಳಗಿನವನು, ಎಣ್ಣೆ ಬಳಿದ ತಲೆ. ಅರ್ಧ ಸೇರು ಅಳೆದು, ಒಂದು ಕೋಲಿನಿಂದ ಮೇಲ್ಭಾಗವನ್ನು ಸರಕ್ಕನೆ ಸವರಿ ಸಮ ಮಾಡಿ, ಅವಳ ಸೆರಗಿಗೆ ಸುರಿದ. ಹಾಗೆ ಕೋಲಿನಿಂದ ಸವರುವುದನ್ನು ನಾವು ಅದೇ ಮೊದಲು ನೋಡಿದ್ದು. ಅವಳು ಅದನ್ನು ಆಸಕ್ತಿಯಿಂದ ನೋಡಿದಳು. ಆಮೇಲೆ ಅವಳ ಕೈ ಅಂಗಡಿಯವನ ಧನಿಯದ ಚೀಲದ ಕಡೆ ಹೋಯಿತು. ಊಟವಾದ ಮೇಲೆ ಕೈ ತಂಬಿಗೆಯ ಕಡೆ ಹೋಗುವುದಿಲ್ಲವೇ, ಹಾಗೆ. ಒಂದು ಹಿಡಿ ಎತ್ತಿ ನಾಲ್ಕು ಕಾಳು ಉದುರಿಸಿದಳು. ಏನೋ ಮಾತು ಎಸೆಯಲು ಬಾಯಿ ತೆರೆದಿದ್ದಳು.

"ಏಯ್, ಏನಮ್ಮಾ ಅದು? ಇಳಿಸು ಕೈ."

"ಕೊಸರು ಕಣಪ್ಪ" ಎಂದಳು ಅವಳು, ಅವನು ಹೊಸಬ ಎಂದು ಕನಿಕರದಿಂದ.

"ಕೊಸರಂತೆ ಕೊಸರು. ಕದಿಯೋದಕ್ಕೆ ನಿಮ್ಮೂರಲ್ಲಿ ಹಂಗಂತಾರಾ?"

ಅವನ ಗಂಟಲು ದೊಡ್ಡದು. ಎರಡೂ ಸಾಲಿನ ಜನ ತಿರುಗಿದರು. ಕೆಲವರು ಬಂದು ಸುತ್ತ ನಿಂತರು. ಅವಳ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು, ಮುಷ್ಟಿ ಮುಚ್ಚಿ. ಅಷ್ಟರಲ್ಲಿ ಗುಮಾಸ್ತರು ಕೊಡೆ ಊರಿಕೊಂಡು ಬಂದರು. ಅವರು ಕೆಟ್ಟ ಮನುಷ್ಯರಲ್ಲ. ಅವಳಿಗೆ ತಿಳಿಯಹೇಳುವ ಹಾಗೆಯೇ ಮಾತಾಡಿದರು.

"ಹಾಗೆಲ್ಲ ತೆಗೀಬಾರದು ತಾಯಿ. ಅದಕ್ಕೇ ತಾನೆ ಬಾಗಿಲಲ್ಲಿ ಕಲ್ಲು ನೆಡಿಸಿರೋದು? ಇಲ್ಲಿ ದರ ಒಂದೇ. ಅಳತೆ ಸಮ. ಕೊಸರು ತೆಗೆಯಕೂಡದು. ಒಳಗೆ ಉಗುಳಕೂಡದು. ಸ್ಪಷ್ಟವಾಗಿ ಬರೆದಿದೆ. ಓದು ಬರದಿದ್ದರೆ ಯಾರ ಕೈಲಾದರೂ ಓದಿಸಿಕೊಂಡು ಒಳಗೆ ಬರಬೇಕು."

ನಾಲ್ಕು ಸಾಲು. ನಾನು ಕೆತ್ತಿದ ನಾಲ್ಕು ಸಾಲು ಅವರ ಬಾಯಿಂದ ಬಂದಾಗ ನನಗೆ ಮೊದಲ ಸಲ ತಿಳಿಯಿತು. ಉಗುಳಬಾರದು ಎನ್ನುವುದನ್ನು ಅವಳು ಕಣ್ಣಿಗೊತ್ತಿಕೊಂಡಿದ್ದಳು.

ಆಗ ಗುಮಾಸ್ತರಿಗೆ ನಾನು ಕಂಡೆ. "ಓ, ನಿನ್ನ ಮನೆಯವಳೇನಯ್ಯ?" ಎಂದರು. ಆಮೇಲೆ ಜನದ ಕಡೆ ತಿರುಗಿ, "ಕಲ್ಲು ಕೆತ್ತಿದೋನೇ ಇವನು. ಅದೇನಯ್ಯ, ನೀನೇ ಕೆತ್ತಿ ನೀನೇ ಮನೆಯಲ್ಲಿ ಹೇಳಲಿಲ್ವೇನು?"

ಯಾರೋ ಕಿಸಕ್ಕೆಂದರು. "ಬರ್ದೋನ್ ಮನೇಗೇ ಗೊತ್ತಿಲ್ಲ ಕಣ್ಲಾ" ಎಂದ ಒಬ್ಬ. ಇನ್ನೊಬ್ಬ, "ಗೊತ್ತಿಲ್ದೆ ಏನು, ಗಂಡಂದೇ ಮಾರ್ಕೆಟ್ಟು ಅಂದ್ಕಂಡವ್ಳೆ" ಎಂದ. ಜನ ನಕ್ಕರು.

ಹನುಮಕ್ಕ ನನ್ನ ಮುಖ ನೋಡಿದಳು. ನಾನು ಕಲ್ಲು ಒಡೆಯುವವನು. ಎಲ್ಲಿ ಏಟು ಬಿದ್ದರೆ ಬಿರುಕು ಎಲ್ಲಿಯವರೆಗೆ ಓಡುತ್ತದೆ ಎಂದು ನೋಡಿ ಹೇಳಬಲ್ಲೆ. ಆ ಒಂದು ಗಳಿಗೆಯಲ್ಲಿ ಅವಳಿಗೆ ಎಲ್ಲ ತಿಳಿದುಹೋಯಿತು. ಸ್ತೋತ್ರ ಇಲ್ಲ, ಸ್ವಾಮಿ ಇಲ್ಲ, ನನಗೆ ಓದು ಇಲ್ಲ, ಜೇಬಿನಲ್ಲಿಟ್ಟುಕೊಂಡ ಕಾಗದಗಳು ಏಕೆ ಮೂರು ದಿನ ಅಲ್ಲೇ ಇರುತ್ತಿದ್ದವು. ಅವಳಿಗೆ ಒಂದೇ ಮಾತು ಬೇಕಿತ್ತು: "ಇವನು ಸ್ವಾಮಿ ಹೆಸ್ರು ಅಂದ." ಅಷ್ಟು ಹೇಳಿದ್ದರೆ ಕಳ್ಳಿ ಎನ್ನುವ ಮಾತು ಅವಳ ಮೇಲಿಂದ ಎದ್ದು ಹೋಗುತ್ತಿತ್ತು, ನಗು ನನ್ನ ಕಡೆ ತಿರುಗುತ್ತಿತ್ತು. ಅವಳ ತುಟಿ ಅಲುಗಿತು. ಆಮೇಲೆ ಮುಚ್ಚಿಕೊಂಡಿತು. ಅವಳು ಹೇಳಲಿಲ್ಲ.

ನಾನು ಹೇಳಿದೆ.

"ಹೇಳಿದ್ದೆ ಸ್ವಾಮಿ. ಬಾಗ್ಲಾಗೇ ಓದಿ ಹೇಳ್ದೆ. ಹೇಳುದ್ರೂ ಬುದ್ಧಿ ಇಲ್ಲ ಇವ್ಳಿಗೆ. ಹಳ್ಳಿ ಗುಗ್ಗು."

ಇಷ್ಟು ಹೇಳಿ ಸುಮ್ಮನಾಗಿದ್ದರೂ ಆಗುತ್ತಿತ್ತು. ಗಾಳಿಯಲ್ಲಿದ್ದ ಅವಳ ಮಣಿಕಟ್ಟು ಹಿಡಿದುಕೊಂಡೆ. ಚೀಲದ ಮೇಲೆ ತಂದು, ಮುಚ್ಚಿದ ಆ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅವಳು ಬಲ ಹಾಕಲಿಲ್ಲ. ಬಲ ಹಾಕಿದ್ದರೆ ನನ್ನಿಂದ ಆಗುತ್ತಿರಲಿಲ್ಲ, ಬೀಸುವ ಕಲ್ಲಿನ ಕೈ ಅದು. ಧನಿಯ ಚೀಲಕ್ಕೆ ಉದುರಿತು. ಬೆವರಿಗೆ ಅಂಟಿಕೊಂಡ ಕೆಲವು ಕಾಳು ಅಂಗೈಯಲ್ಲೇ ಉಳಿದವು. ಅವನ್ನೂ ನನ್ನ ಹೆಬ್ಬೆರಳಿನಿಂದ ಒರೆಸಿ ಉದುರಿಸಿದೆ. "ನೋಡಿ ಸ್ವಾಮಿ, ಸರಿಯಾಯ್ತಲ್ಲ" ಎಂದೆ.

ಮನೆಗೆ ಬರುವಾಗ ಅವಳು ಮುಂದೆ, ನಾನು ಹಿಂದೆ. ಅದಕ್ಕೆ ಮೊದಲು ಯಾವತ್ತೂ ಅವಳು ಮುಂದೆ ನಡೆದಿರಲಿಲ್ಲ. ಬಾಗಿಲಿನ ಕಲ್ಲನ್ನು ಸುತ್ತಿಕೊಂಡು ಹೋದಳು, ಯಾರೋ ಗುರುತಿಲ್ಲದ ಗಂಡಸು ದಾರಿಯಲ್ಲಿ ನಿಂತಿದ್ದರೆ ಹೆಂಗಸರು ಸುತ್ತಿಕೊಂಡು ಹೋಗುತ್ತಾರಲ್ಲ, ಹಾಗೆ. ದಾರಿಯುದ್ದಕ್ಕೂ ನಾನು ಮಾತು ಕೂಡಿಸಿಕೊಳ್ಳುತ್ತಿದ್ದೆ. ಅವಳು ಬೈಯುತ್ತಾಳೆ, ನಾನು ಹೀಗೆ ಹೇಳುತ್ತೇನೆ. ಅವಳು ಅಳುತ್ತಾಳೆ, ನಾನು ಹಾಗೆ ಸಮಾಧಾನ ಮಾಡುತ್ತೇನೆ. ಅವಳು ಮನೆಗೆ ಬಂದು ಸೀರೆ ಬದಲಾಯಿಸಿ ಒಲೆ ಹೊತ್ತಿಸಿದಳು. "ಮುದ್ದೆ ಆರ್ತದೆ, ಕೂತ್ಕ" ಎಂದಳು. ಕೂಡಿಸಿಕೊಂಡ ಮಾತೆಲ್ಲ ಹಾಗೇ ಉಳಿದವು. ಅದರ ಮಾರನೆಯ ದಿನವೂ ಉಳಿದವು. ಹೀಗೆ ಇಪ್ಪತ್ತು ವರ್ಷ ಉಳಿಯಬಹುದು ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಬಾವಿಕಟ್ಟೆಯಲ್ಲಿ ಅವಳಿಗೆ ಹೊಸ ಹೆಸರು ಬಿತ್ತು. ಕೊಸರಕ್ಕ. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅದರಲ್ಲಿ ಕೆಲವರಿಗೆ ದ್ವೇಷವೇನೂ ಇರಲಿಲ್ಲ. ಕುಂಟನನ್ನು ಕುಂಟ ಎನ್ನುವ ಹಾಗೆ ಅಭ್ಯಾಸದಿಂದ ಕರೆಯುತ್ತಿದ್ದರು. ಹೊಸದಾಗಿ ಕೇರಿಗೆ ಬಂದ ಸೊಸೆಯರು ಅದೇ ಅವಳ ಹೆಸರು ಎಂದುಕೊಂಡು "ಕೊಸರಕ್ಕಾ, ಒಂಚೂರು ಬೆಂಕಿ ಕೊಡಿ" ಎಂದು ಬಾಗಿಲಿಗೆ ಬರುತ್ತಿದ್ದರು. ಅವಳು ಕೊಡುತ್ತಿದ್ದಳು. ನಾನು ಒಳಗಿದ್ದರೆ ಕೆಮ್ಮುತ್ತಿದ್ದೆ. ನನ್ನಿಂದ ಆದದ್ದು ಅಷ್ಟೇ, ಕೆಮ್ಮು.

ಆ ಮಾರ್ಕೆಟ್ಟಿಗೆ ಅವಳು ಮತ್ತೆ ಹೋಗಲಿಲ್ಲ. ನೂರು ಹೆಜ್ಜೆ ದೂರದಲ್ಲಿ ಎಲ್ಲ ಸಿಗುತ್ತಿತ್ತು. ಅವಳು ಮಿಡಿಗೇಶಿಯಿಂದ ಬರುವ ಗಾಡಿಯವರಿಗೆ ಹೇಳಿ ತರಿಸುತ್ತಿದ್ದಳು, ಇಲ್ಲವಾದರೆ ಇಲ್ಲ. ಎಷ್ಟೋ ವಾರ ಬರೀ ಉಪ್ಪು ಮೆಣಸಿನಕಾಯಿಯ ನೀರಿನಲ್ಲಿ ಮುದ್ದೆ ನುಂಗಿದ್ದೇನೆ. ರುಚಿ ಇಲ್ಲ ಎಂದು ಹೇಳುವ ಬಾಯಿ ನನಗಿರಲಿಲ್ಲ.

ಮಾರ್ಕೆಟ್ಟು ಬಂದ ಮೇಲೆ ಸಂತೆ ಸಣ್ಣದಾಯಿತು, ಬಾಷಾ ಸಾಬರು ಬರುವುದು ನಿಂತಿತು. ಒಂದು ಸಲ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಮನೆ ಹುಡುಕಿಕೊಂಡು ಬಂದರು. ಅವರ ಕಿವಿಗೂ ಹೇಗೋ ಬಿದ್ದಿತ್ತು. ಜಗಲಿಯ ಮೇಲೆ ಗಂಟು ಬಿಚ್ಚಿ, ಒಂದು ಸೇರು ಧನಿಯ ಅಳೆದು ಅವಳ ಮೊರಕ್ಕೆ ಸುರಿದರು. ಆಮೇಲೆ ಗಂಟನ್ನು ಅವಳ ಕಡೆ ತಳ್ಳಿ, "ತಗಳಮ್ಮ, ನಿಂದು ಬಾಕಿ ಐತೆ" ಎಂದರು.

"ಬ್ಯಾಡ ಸಾಬ್ರೇ" ಎಂದಳು. "ಕೈ ಹೋಗಲ್ಲ."

ಸಾಬರು ಗಂಟು ಕಟ್ಟಿಕೊಂಡರು. ನೀರು ಕುಡಿದರು. ಎದ್ದು ಹೋಗುವಾಗ ನನ್ನ ಕಡೆ ನೋಡಲಿಲ್ಲ.

ನಾನು ಓದು ಕಲಿತದ್ದು ಅದಾದ ಮೇಲೆಯೇ. ಕೊರಟಗೆರೆಯ ಹತ್ತಿರ ಒಬ್ಬ ಮೇಷ್ಟರ ಮನೆಗೆ ಒರಳು ಕೂರಿಸಲು ಹೋದವನು, ಕೂಲಿ ಬೇಡ, ಓದು ಹೇಳಿಕೊಡಿ ಎಂದೆ. ಮೂವತ್ತು ದಾಟಿದವನು ಮಕ್ಕಳ ಜೊತೆ ಚಾಪೆಯ ಮೇಲೆ ಕುಳಿತೆ. ಕಲಿಯುವುದು ಕಷ್ಟವಾಗಲಿಲ್ಲ. ಅಕ್ಷರಗಳ ಸುಳಿ ಕೊಂಬು ಎಲ್ಲ ಬೆರಳಿಗೆ ಗೊತ್ತಿದ್ದವು. ಹೆಸರು ಮಾತ್ರ ಬೇಕಿತ್ತು. ಈಗ ನಾನು ಪತ್ರಿಕೆ ಓದುತ್ತೇನೆ. ಕೇರಿಯ ಜನ ಕಾಗದ ತಂದರೆ ಓದಿ ಹೇಳುತ್ತೇನೆ, ಗೊತ್ತಾಗದ ಕಡೆ ಗೊತ್ತಾಗಲಿಲ್ಲ ಎನ್ನುತ್ತೇನೆ. ಹೀಗೆ ಬರೆಯುವ ಚಟವೂ ಹತ್ತಿದೆ. ಇದನ್ನೆಲ್ಲ ಹೇಳಿ, ಕಲಿತದ್ದರಿಂದ ಮಾಡಿದ ತಪ್ಪು ತೀರಿತು ಎಂದು ನಿಮ್ಮ ಬಾಯಲ್ಲಿ ಹೇಳಿಸಲು ನೋಡುತ್ತಿದ್ದೇನೆಯೇ ಎಂಬ ಅನುಮಾನ ನನಗೇ ಬರುತ್ತದೆ.

ಇಷ್ಟನ್ನು ನಾಲ್ಕು ಮಧ್ಯಾಹ್ನ ಕುಳಿತು ಬರೆದೆ. ಬರೆಯುತ್ತ ಬರೆಯುತ್ತ ಎದೆ ಸ್ವಲ್ಪ ಹಗುರವಾದಂತಾಯಿತು. ಏನನ್ನೂ ಮುಚ್ಚಿಡದೆ ಬರೆದೆನಲ್ಲ ಎಂದು, ನಿಜ ಹೇಳುತ್ತೇನೆ, ಸ್ವಲ್ಪ ಬೀಗಿದೆ ಕೂಡ. ಹನುಮಕ್ಕನಿಗೆ ಓದಿ ಹೇಳಬೇಕು ಅನ್ನಿಸಿತು. ಇಷ್ಟು ವರ್ಷ ನಮ್ಮಿಬ್ಬರ ನಡುವೆ ಆ ದಿನದ ಮಾತು ಒಂದು ಸಲವೂ ಬಂದಿರಲಿಲ್ಲ.

ಅವಳು ನಡುಮನೆಯಲ್ಲಿ ಅವರೆಕಾಳು ಬಿಡಿಸುತ್ತಿದ್ದಳು. ಎದುರಿಗೆ ಕುಳಿತು, "ಒಂದಷ್ಟು ಬರ್ದಿದ್ದೀನಿ, ಕೇಳು" ಎಂದೆ. "ಓದು" ಎಂದಳು. ಮೊದಲಿನಿಂದ ಓದಿದೆ. ಹುಳದ ಮಾತು ಬಂದಾಗ ಅವಳ ತುಟಿಯ ಕೊನೆ ಅಲುಗಿತು. ಮಾರ್ಕೆಟ್ಟಿನ ಭಾಗವನ್ನೂ ನಿಲ್ಲಿಸದೆ ಓದಿದೆ. ಅವಳ ಕೈ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಓದಿ ಮುಗಿಸಿ ಕನ್ನಡಕ ತೆಗೆದೆ. ಅವಳು ಅಳಬಹುದು ಎಂದುಕೊಂಡಿದ್ದೆ. ಹೋಗಲಿ ಬುಡು ಎನ್ನಬಹುದು ಎಂದು ಅದಕ್ಕಿಂತ ಹೆಚ್ಚು ಆಸೆಪಟ್ಟಿದ್ದೆ.

"ಎಲ್ಲಾ ಸರಿಯಾಗೇ ಐತೆ" ಎಂದಳು. ಒಂದು ಕಾಯಿ ಬಿಡಿಸಿದಳು. "ನಕ್ಕಿದ್ದು ಯಾಕೆ ಬರೀಲಿಲ್ಲ?"

"ಬರ್ದಿದ್ದೀನಲ್ಲ. ಜನ ನಕ್ಕರು ಅಂತ."

"ಜನ ಅಲ್ಲ. ನೀನು."

ನನಗೆ ಅರ್ಥವಾಗಲಿಲ್ಲ. "ನಾನು ನಗ್ಲಿಲ್ಲ ಕಣೇ" ಎಂದೆ.

ಅವಳು ತಲೆಯೆತ್ತಿ ನೋಡಿದಳು. ಕೋಪವಿರಲಿಲ್ಲ. ಕಳೆದುಹೋದ ಚೊಂಬು ಎಲ್ಲಿ ಇಟ್ಟಿದ್ದೆ ಎಂದು ನೆನಪು ಮಾಡಿಕೊಡುವವಳ ಹಾಗೆ ಹೇಳಿದಳು. "ನನ್ ಬೆರಳು ಬಿಡಿಸ್ತಾ ನಗ್ತಿದ್ದೆ. ಗುಮಾಸ್ತರ ಮಕ ನೋಡ್ಕಂಡು. ಅವ್ರೆಲ್ಲ ನಿಲ್ಸಿದ್ರು. ಆ ಅಂಗ್ಡಿಯೋನೂ ತಲೆ ಬಗ್ಗಿಸ್ಕಂಡ. ನೀನು ನಗ್ತಾನೇ ಇದ್ದೆ."

ಒಲೆಯ ಕಡೆಯಿಂದ ಸೊಸೆ ಏನೋ ಕೇಳಿದಳು. ಇವಳು ಅದಕ್ಕೆ ಉತ್ತರ ಕೊಟ್ಟು, ಮತ್ತೆ ನನ್ನ ಕಡೆ ತಿರುಗಿದಳು.

"ಕೈ ಹಿಡ್ದಿದ್ದು ಬುಡು. ಬೈದಿದ್ದೂ ಬುಡು. ನೀನು ಹೆದರ್ಕಂಡಿದ್ದೆ, ಮಕದಾಗೆ ಬೆವ್ರಿತ್ತು, ನಂಗೆ ಕಾಣ್ತಿತ್ತು. ಓದಾಕೆ ಬರಲ್ಲ ಅನ್ನೋದು ನಂಗೆ ಮದುವೆ ಆದ್ ವರ್ಸದಾಗೇ ಗೊತ್ತಿತ್ತು. ಸ್ವಾಮಿ ಹೆಸ್ರು ಅಂದಾಗ ಮಾತ್ರ ನಂಬಿದ್ದೆ, ದೇವ್ರ ವಿಷ್ಯದಾಗೆ ಸುಳ್ಳು ಹೇಳಲ್ಲ ಅಂತ. ಅದೂ ಹೋಗ್ಲಿ. ನಕ್ಕಿದ್ದು ಮಾತ್ರ ಯಾಕೆ ಅಂತ ನಂಗೆ ಇವತ್ತಿಗೂ ಗೊತ್ತಾಗ್ಲಿಲ್ಲ."

ಕಣ್ಣು ಮುಚ್ಚಿ ನೆನಪಿಗೆ ತಂದುಕೊಳ್ಳಲು ನೋಡಿದೆ. ಕೋಲಿನಿಂದ ಸವರಿದ ಅಳತೆ ಕಾಣುತ್ತದೆ, ಅಂಗೈಗೆ ಅಂಟಿದ ಕಾಳು ಕಾಣುತ್ತವೆ, ಗುಮಾಸ್ತರ ಕೊಡೆಯ ಹಿಡಿ ಕಾಣುತ್ತದೆ. ನನ್ನ ಮುಖ ಕಾಣುವುದಿಲ್ಲ. ಅದನ್ನು ನೋಡಿ ನೆನಪಿಟ್ಟುಕೊಂಡವಳು ಅವಳೊಬ್ಬಳೇ. ಇಪ್ಪತ್ತು ವರ್ಷ ನಾನು ನಾಚುತ್ತ ಬಂದದ್ದು ಬೇರೆ ಯಾವುದಕ್ಕೋ. ಅವಳು ಸಹಿಸಿಕೊಂಡು ಬಂದದ್ದು ಇದನ್ನು. ನನಗೆ ಸಹಿಸಲು ಆಗುವಷ್ಟನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು, ಅದಕ್ಕೇ ಎದೆ ಬಡಿದುಕೊಂಡು, ಪ್ರಾಮಾಣಿಕನೆಂದು ಬೀಗಿದ್ದೆ.

"ನಂಗೂ ಗೊತ್ತಿಲ್ಲ ಹನುಮಕ್ಕ" ಎಂದೆ.

ಅವಳು ತಲೆಯಾಡಿಸಿದಳು. ನಾನು ಲೇಖನಿ ತೆಗೆದು, ಮೇಲಿನದನ್ನು ಏನೂ ತಿದ್ದದೆ, ಕೆಳಗೆ ಒಂದು ಸಾಲು ಸೇರಿಸಿದೆ. ಸೇರಿಸಿ ಅವಳಿಗೆ ಓದಿ ಹೇಳಿದೆ: ಅವತ್ತು ನಾನೂ ನಕ್ಕೆ, ಎಲ್ಲರೂ ನಿಲ್ಲಿಸಿದ ಮೇಲೂ ನಗುತ್ತಿದ್ದೆ.

"ಹಂಗೇ ಬರ್ದಿದ್ದೀಯ ತಾನೆ?" ಎಂದು ಕೇಳಿದಳು.

"ಹಂಗೇ ಬರ್ದಿದ್ದೀನಿ."

ಅವಳು ತನಗೆ ಓದಲು ಬಾರದ ಆ ಕಾಗದದ ಕಡೆ ನೋಡಿದಳು. ಆಮೇಲೆ ನನ್ನ ಮುಖವನ್ನು, ಬಹಳ ಹೊತ್ತು.